ಹಳೆ ಫೋಟೊದ ಕಂದು: ಮುಪ್ಪೋ, ಮದ್ದೋ?

2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು, 1924ರದ್ದು. ನೂರು ತುಂಬಿದ ಆ ದಿನಗಳಲ್ಲಿ ಎಲ್ಲಿ ನೋಡಿದರೂ ಹಳೆ ಫೋಟೊಗಳದ್ದೇ ಮಾತು. ನನ್ನ ಪರಿಚಯದ ಮನೆಗಳಲ್ಲೂ ಟ್ರಂಕುಗಳ ಬೀಗ ತೆಗೆದರು. ಅಜ್ಜ ಟೋಪಿ ಹಾಕಿಕೊಂಡು ನಿಂತಿದ್ದು, ಅಜ್ಜಿ ಇಳಕಲ್ ಸೀರೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದು, ಎಲ್ಲವೂ ಹೊರಗೆ ಬಂದವು. ಮನೆಯಲ್ಲಿ ಡಾರ್ಕ್‌ರೂಮ್, ಅಂದರೆ ಫೋಟೊ ಪ್ರಿಂಟ್ ಮಾಡುವ ಕತ್ತಲೆ ಕೋಣೆ, ಇಟ್ಟುಕೊಂಡ ಹುಚ್ಚ ನಾನೊಬ್ಬನೇ ಅವರಿಗೆ ಗೊತ್ತಿದ್ದದ್ದು. ಹಾಗಾಗಿ ಫೋಟೊಗಳು ನನ್ನ ಹತ್ತಿರ ಬಂದವು. ಜೊತೆಗೆ ಒಂದೇ ಪ್ರಶ್ನೆ: "ಇದು ಹಳೇದಾಗಿ ಹಿಂಗ ಕಂದ ಆಗೇತೋ, ಮೊದಲಿಂದ ಹಿಂಗ ಐತೋ?"

ಒಳ್ಳೆ ಪ್ರಶ್ನೆ. ಎರಡೂ ಆಗಿರಬಹುದು ಅನ್ನುವುದು ಉತ್ತರ. ಕೆಲವು ಫೋಟೊ ಕಾಲ ಕಳೆದಂತೆ ಕಂದಾಗುತ್ತವೆ, ಅದು ಕಾಯಿಲೆ. ಕೆಲವನ್ನು ಫೋಟೊಗ್ರಾಫರೇ ಬೇಕಂತಲೇ ಕಂದು ಮಾಡಿರುತ್ತಾನೆ, ಆ ಕಾಯಿಲೆ ಬರದಿರಲಿ ಅಂತ. ಈ ಎರಡನೇ ಕೆಲಸದ ಹೆಸರು ಟೋನಿಂಗ್. ತಮಾಷೆ ಏನೆಂದರೆ ಕಾಯಿಲೆಯ ಕಂದಿನಲ್ಲೂ ಮದ್ದಿನ ಕಂದಿನಲ್ಲೂ ಇರುವುದು ಬಹುಪಾಲು ಒಂದೇ ವಸ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಫೋಟೊದ ಒಳಗೆ ಏನಿದೆ ಅನ್ನುವುದರಿಂದ ಶುರು ಮಾಡಬೇಕು.

ಆ ಕಪ್ಪು ಬೆಳ್ಳಿಯದು

ಕಪ್ಪು-ಬಿಳುಪು ಫೋಟೊದಲ್ಲಿ ಮಸಿ ಇಲ್ಲ, ಬಣ್ಣ ಇಲ್ಲ. ಇರುವುದು ಬೆಳ್ಳಿ. ನಿಜವಾದ ಬೆಳ್ಳಿ, ಅಕ್ಕಸಾಲಿಗರ ಅಂಗಡಿಯಲ್ಲಿ ತೂಗುವ ಅದೇ ಲೋಹ.

ಪ್ರಿಂಟ್ ಮಾಡುವ ಪೇಪರ್ ಹೋಳಿಗೆಯ ಹಾಗೆ ಪದರ ಪದರವಾಗಿರುತ್ತದೆ. ಕೆಳಗೆ ಕಾಗದ. ಅದರ ಮೇಲೆ ಬೆಳ್ಳಗೆ ಹೊಳೆಯಲಿ ಅಂತ ಬೇರಿಯಂ ಸಲ್ಫೇಟಿನ ತೆಳು ಲೇಪ. ಅದರ ಮೇಲೆ ಜೆಲಾಟಿನ್. ಪ್ರಾಣಿಗಳ ಮೂಳೆ, ತೊಗಲಿನಿಂದ ತೆಗೆಯುವ ಅಂಟು ಇದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿಗಿಯಾಗುತ್ತದೆ. ಈ ಅಂಟಿನೊಳಗೆ ಬೆಳ್ಳಿಯ ಲವಣಗಳು ಕೂತಿರುತ್ತವೆ, ಮುಖ್ಯವಾಗಿ ಸಿಲ್ವರ್ ಬ್ರೋಮೈಡ್ ಮತ್ತು ಸಿಲ್ವರ್ ಕ್ಲೋರೈಡ್. ನೋಡಲಿಕ್ಕೆ ಇವು ಕಪ್ಪಲ್ಲ, ಮಾಸಲು ಬಿಳಿ.

ಡಾರ್ಕ್‌ರೂಮಿನ ಕೆಂಪು ಲೈಟಿನ ಕೆಳಗೆ, ಚಿತ್ರವನ್ನು ದೊಡ್ಡದು ಮಾಡುವ ಎನ್‌ಲಾರ್ಜರ್‌ನಿಂದ ನೆಗೆಟಿವ್ ಮೂಲಕ ಈ ಪೇಪರ್ ಮೇಲೆ ಬೆಳಕು ಬೀಳಿಸುತ್ತೇವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ತಟ್ಟೆಗೆ ಹಾಕಿದ ಮೇಲೆ ಬೆಳಕು ತಾಗಿದ ಕಣಗಳಷ್ಟೇ ಲೋಹದ ಬೆಳ್ಳಿಯಾಗುತ್ತವೆ, ಚಿತ್ರ ನಿಧಾನಕ್ಕೆ ಮೇಲೇಳುತ್ತದೆ. ಬೆಳಕು ತಾಗದ ಲವಣ ಹಾಗೇ ಉಳಿದಿರುತ್ತದಲ್ಲ, ಅದನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿ ಲವಣವನ್ನು ಕರಗಿಸುತ್ತದೆ ಎಂದು ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು, ಫೋಟೊಗ್ರಫಿ ಹುಟ್ಟುವುದಕ್ಕೆ ಮುಂಚೆ. ಹೈಪೋ ಆದ ಮೇಲೆ ನೀರಿನಲ್ಲಿ ತೊಳೆದು ಒಣಗಿಸಿದರೆ ಪ್ರಿಂಟ್ ಮುಗಿಯಿತು.

ಬೆಳ್ಳಿ ಹೊಳೆಯಬೇಕಲ್ವಾ, ಕಪ್ಪು ಯಾಕೆ? ಪಾತ್ರೆ ಉಜ್ಜುವ ತಂತಿಯ ಉಂಡೆ ನೋಡಿ. ಒಂದೊಂದು ತಂತಿಯೂ ಹೊಳೆಯುತ್ತದೆ. ಆದರೆ ಉಂಡೆಯ ಒಳಗಿನ ಸಂದು ಕಪ್ಪಾಗಿ ಕಾಣುತ್ತದೆ. ಒಳಹೊಕ್ಕ ಬೆಳಕು ಅಲ್ಲೇ ಸುತ್ತಿ ಸುತ್ತಿ ಇಂಗಿಹೋಗುತ್ತದೆ. ಪ್ರಿಂಟಿನ ಬೆಳ್ಳಿ ಕಣವೂ ಹೀಗೇ, ಎಳೆ ಎಳೆಯಾಗಿ ಗಂಟು ಬಿದ್ದ ಬೆಳ್ಳಿ. ಎಲ್ಲಿ ಕಣ ಜಾಸ್ತಿಯೋ ಅಲ್ಲಿ ಕಪ್ಪು, ಎಲ್ಲಿ ಕಡಿಮೆಯೋ ಅಲ್ಲಿ ಬೂದು, ಇಲ್ಲದ ಕಡೆ ಕಾಗದದ ಬಿಳುಪು.

ಬೆಳ್ಳಿಗೂ ಗಂಧಕಕ್ಕೂ ಆಗಿಬರುವುದಿಲ್ಲ

ಹುಪರಿಯ ಬೆಳ್ಳಿ ಗೆಜ್ಜೆ ನಮ್ಮ ಕಡೆ ಹಲವು ಮನೆಗಳಲ್ಲಿದೆ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟರೆ ಅದು ಕಪ್ಪಾಗುತ್ತದೆ. ಗಾಳಿಯಲ್ಲಿ ಸ್ವಲ್ಪವೇ ಸ್ವಲ್ಪ ಇರುವ ಗಂಧಕದ ಅನಿಲಗಳು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುವುದೇ ಅದಕ್ಕೆ ಕಾರಣ. ಗೆಜ್ಜೆಯಾದರೆ ಚಿಂತೆಯಿಲ್ಲ. ಕಪ್ಪು ಹತ್ತಿದ್ದು ಮೈಗೆ ಮಾತ್ರ, ಉಜ್ಜಿದರೆ ಒಳಗೆ ಬೆಳ್ಳಿ ಹಾಗೇ ಇದೆ. ಆದರೆ ಫೋಟೊದ ಕಣ ಎಷ್ಟು ಸಣ್ಣದೆಂದರೆ ಅದಕ್ಕೆ ಒಳಗು ಅಂತಲೇ ಇಲ್ಲ ಅನ್ನಬಹುದು. ಗಾಳಿಯ ಕಾಟ ನೇರವಾಗಿ ಇಡೀ ಕಣಕ್ಕೇ ತಟ್ಟುತ್ತದೆ.

ಶತ್ರುಗಳು ಇನ್ನೂ ಇದ್ದಾರೆ. ಹೊಸ ಎಣ್ಣೆ ಬಣ್ಣದ ಆವಿ, ಕಟ್ಟಿಗೆಯ ಅಲ್ಮಾರಿಯಿಂದ ಬರುವ ಅನಿಲ, ಕಳಪೆ ರಟ್ಟು, ರಬ್ಬರಿನ ಅಂಟು. ಇವುಗಳಲ್ಲಿ ಕೆಲವು ಬೆಳ್ಳಿಯನ್ನು ಆಕ್ಸಿಡೀಕರಿಸುತ್ತವೆ. ಆಗ ಬೆಳ್ಳಿ ತನ್ನ ಜಾಗ ಬಿಟ್ಟು ಜೆಲಾಟಿನ್‌ನಲ್ಲಿ ಅಲೆದಾಡಿ ಮೇಲೆ ಬಂದು ಕೂರುತ್ತದೆ. ಹಳೆ ಫೋಟೊವನ್ನು ಓರೆ ಹಿಡಿದರೆ ಕಪ್ಪು ಜಾಗಗಳಲ್ಲಿ ನೀಲಿ ಛಾಯೆಯ ಕನ್ನಡಿ ಹೊಳಪು ಕಾಣುತ್ತದಲ್ಲ, ಅದೇ ಇದು. ಮಳೆಗಾಲದ ತೇವ ಈ ಕೆಲಸಕ್ಕೆ ಅನುಕೂಲ. ಹಾಗಾಗಿ ಬೆಳಗಾವಿಯ ಮನೆಗಳಲ್ಲಿ ಇಟ್ಟ ಫೋಟೊಗೆ ವಿಜಯಪುರದ ಒಣ ಹವೆಯಲ್ಲಿ ಇಟ್ಟದ್ದಕ್ಕಿಂತ ಈ ಅಪಾಯ ಜಾಸ್ತಿ.

ಎಲ್ಲಕ್ಕಿಂತ ದೊಡ್ಡ ಶತ್ರು ಮನೆಯೊಳಗೇ ಇರುತ್ತದೆ. ಅದು ಹೈಪೋ. ಚಿತ್ರವನ್ನು ಉಳಿಸಿದ್ದು ಅದೇ, ಆದರೆ ಸರಿಯಾಗಿ ತೊಳೆಯದಿದ್ದರೆ ಕಾಗದದಲ್ಲಿ ಉಳಿದುಕೊಂಡ ಹೈಪೋದೊಳಗಿನ ಗಂಧಕ ನಿಧಾನಕ್ಕೆ ಬೆಳ್ಳಿಯನ್ನು ತಿನ್ನಲು ಶುರು ಮಾಡುತ್ತದೆ. ಮೊದಲು ಹೋಗುವುದು ಬೆಳ್ಳಿ ಕಡಿಮೆ ಇರುವ ತಿಳಿ ಜಾಗಗಳು: ಮುಖ, ಬಿಳಿ ಅಂಗಿ, ಆಕಾಶ. ಅಲ್ಲಿ ಹಳದಿ-ಕಂದು ಕಲೆ ಏಳುತ್ತದೆ. ಹಳೆ ಮದುವೆ ಫೋಟೊಗಳಲ್ಲಿ ಮದುಮಗಳ ಮುಖವೇ ಮೊದಲು ಮಸುಕಾಗುವುದಕ್ಕೆ ಇದೇ ಕಾರಣ ಇರಬಹುದು. ಸೀಜನ್ನಿನಲ್ಲಿ ಅವಸರ ಮಾಡಿ ತೊಳೆದಿದ್ದರ ಫಲ, ಐವತ್ತು ವರ್ಷ ಆದ ಮೇಲೆ ಕಾಣುತ್ತದೆ.

ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ

ಹಸಿ ಇಟ್ಟಿಗೆಯನ್ನು ಮಳೆಗೆ ಬಿಟ್ಟರೆ ಕರಗಿಹೋಗುತ್ತದೆ. ಸುಟ್ಟರೆ ಬಣ್ಣ ಬದಲಾಗುತ್ತದೆ, ಗಟ್ಟಿಯಾಗುತ್ತದೆ, ಮಳೆಗೆ ಜಗ್ಗುವುದಿಲ್ಲ. ಅದೇ ಮಣ್ಣು, ಅದೇ ಆಕಾರ, ಆದರೆ ಬೇರೆ ವಸ್ತು. ಟೋನಿಂಗ್ ಇದೇ ರೀತಿಯ ಕೆಲಸ. ಕೆಡುವ ಬೆಳ್ಳಿಯನ್ನು ಕೆಡದ ವಸ್ತುವಾಗಿ ನಾವೇ ಬದಲಾಯಿಸಿಬಿಡುವುದು, ಚಿತ್ರದ ಆಕಾರ ಕದಡದ ಹಾಗೆ. ಬಣ್ಣ ಬದಲಾಗುವುದು ಅದರ ಜೊತೆಗೆ ಬರುವ ಲಾಭ. ಬಹಳ ಜನ ಬಣ್ಣಕ್ಕಾಗಿಯೇ ಮಾಡುತ್ತಾರೆ, ತಪ್ಪೇನಿಲ್ಲ.

ಸಿಲ್ವರ್ ಸಲ್ಫೈಡ್ ಬಹಳ ಗಟ್ಟಿ ವಸ್ತು. ಗಂಧಕ ಅದಕ್ಕೆ ಇನ್ನೇನು ಮಾಡೀತು? ಅದು ಈಗಾಗಲೇ ಗಂಧಕದ ಜೊತೆ ಸಂಸಾರ ಹೂಡಿದೆ. ಇಲ್ಲೇ ಮೊದಲು ಹೇಳಿದ ತಮಾಷೆ ಇರುವುದು. ಗಂಧಕ ತಾನಾಗಿ, ಅಲ್ಲಲ್ಲಿ, ತನಗೆ ಬೇಕಾದ ಕಡೆ ನುಗ್ಗಿದರೆ ಫೋಟೊ ಕೆಡುತ್ತದೆ. ನಾವೇ ಕರೆದು ಎಲ್ಲ ಕಡೆ ಸಮನಾಗಿ, ಪೂರ್ತಿಯಾಗಿ ಕೂರಿಸಿದರೆ ಫೋಟೊ ಉಳಿಯುತ್ತದೆ.

ಹಾಗಾದರೆ ಗೆಜ್ಜೆ ಕಪ್ಪು, ಫೋಟೊ ಕಂದು ಯಾಕೆ? ಕಣದ ಗಾತ್ರದಿಂದ. ಸಲ್ಫೈಡ್ ಕಣ ಸಣ್ಣದಾದಷ್ಟೂ ಬಣ್ಣ ಹಳದಿಯ ಕಡೆ ವಾಲುತ್ತದೆ, ದೊಡ್ಡದಾದಷ್ಟೂ ಕಪ್ಪಿನ ಕಡೆ. ಸಿಲ್ವರ್ ಕ್ಲೋರೈಡ್ ಜಾಸ್ತಿ ಇರುವ, ವಾರ್ಮ್ ಟೋನ್ ಅನ್ನುವ ಪೇಪರಿನಲ್ಲಿ ಕಣ ಸಣ್ಣದು. ಅದಕ್ಕೇ ಅಂಥ ಪೇಪರ್ ಟೋನಿಂಗ್ ದ್ರಾವಣವಾದ ಟೋನರ್‌ಗೆ ಬೇಗ ಬಣ್ಣ ತಿರುಗುತ್ತದೆ. ಬ್ರೋಮೈಡ್ ಪೇಪರ್ ಹಟಮಾರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೋನಿಂಗನ್ನು ಡಾರ್ಕ್‌ರೂಮ್ ಕೆಲಸ ಅನ್ನುತ್ತಾರೆ, ಆದರೆ ಅದಕ್ಕೆ ಕತ್ತಲೆ ಬೇಕಿಲ್ಲ. ಹೈಪೋ ಆದ ಮೇಲೆ ಪೇಪರಿನಲ್ಲಿ ಬೆಳಕಿಗೆ ಹೆದರುವ ಲವಣ ಉಳಿದಿರುವುದಿಲ್ಲ. ಬಣ್ಣ ಸರಿಯಾಗಿ ಕಾಣಲಿ ಅಂತ ಕಿಟಕಿಯ ಪಕ್ಕ ಮಾಡುವುದೇ ಒಳ್ಳೆಯದು.

ಸೆಪಿಯಾ: ಅಳಿಸಿ ಬರೆಯುವುದು

ಮೊಬೈಲಿನ ಫಿಲ್ಟರ್‌ಗಳಿಂದಾಗಿ ಸೆಪಿಯಾ ಅನ್ನುವ ಹೆಸರು ಎಲ್ಲರಿಗೂ ಗೊತ್ತು. ಕಟಲ್‌ಫಿಶ್ ಅನ್ನುವ ಕಡಲ ಜೀವಿಗೆ ಗ್ರೀಕ್ ಭಾಷೆಯಲ್ಲಿ ಸೆಪಿಯಾ ಅನ್ನುತ್ತಾರೆ. ಅದು ಉಗುಳುವ ಕಂದು ಶಾಯಿಯಿಂದ ಬಣ್ಣಕ್ಕೆ ಆ ಹೆಸರು ಬಂತು. ಫೋಟೊದ ಸೆಪಿಯಾದಲ್ಲಿ ಆ ಶಾಯಿ ಇಲ್ಲ, ಬಣ್ಣದ ಹೋಲಿಕೆ ಅಷ್ಟೇ. ನಮ್ಮಲ್ಲಿ ಹುಟ್ಟಿದ್ದರೆ ಅದಕ್ಕೆ ಕುಂದಾ ಬಣ್ಣ ಅನ್ನುತ್ತಿದ್ದೆವೇನೋ. ಹಾಲು ಕಾದು ಕಾದು ಬೆಳಗಾವಿ ಕುಂದಾ ಆಗುವಾಗ ಎಷ್ಟು ನಮೂನೆಯ ಕಂದು ಹಾದುಹೋಗುತ್ತದೋ, ಸೆಪಿಯಾದಲ್ಲೂ ಅಷ್ಟು ನಮೂನೆ ಇದೆ.

ಕೆಲಸ ಎರಡು ತಟ್ಟೆಗಳಲ್ಲಿ ನಡೆಯುತ್ತದೆ. ಮೊದಲ ತಟ್ಟೆ ಬ್ಲೀಚ್. ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡನ್ನು ನೀರಿನಲ್ಲಿ ಕರಗಿಸಿದ ಹಳದಿ ದ್ರಾವಣ. ಮುಗಿದ ಪ್ರಿಂಟನ್ನು ಇದರಲ್ಲಿ ಮುಳುಗಿಸಿದರೆ ಚಿತ್ರ ಕಣ್ಣೆದುರೇ ಮಾಯವಾಗುತ್ತದೆ! ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ನಿಜವಾಗಿ ಏನೂ ಕಳೆದುಹೋಗಿಲ್ಲ. ಕಪ್ಪು ಬೆಳ್ಳಿ ಮತ್ತೆ ಮಾಸಲು ಬಿಳಿಯ ಸಿಲ್ವರ್ ಬ್ರೋಮೈಡ್ ಆಗಿದೆ, ತಾನಿದ್ದ ಜಾಗದಲ್ಲೇ. ರಂಗೋಲಿಯ ಗೆರೆ ಅಳಿಸಿ ಚುಕ್ಕಿ ಮಾತ್ರ ಬಿಟ್ಟ ಹಾಗೆ. ಚುಕ್ಕಿ ಇದ್ದರೆ ಗೆರೆ ಮತ್ತೆ ಎಳೆಯಬಹುದು.

ನಡುವೆ ಪ್ರಿಂಟನ್ನು ಹಳದಿ ಹೋಗುವ ತನಕ ನೀರಿನಲ್ಲಿ ತೊಳೆಯಬೇಕು. ಆಮೇಲೆ ಎರಡನೇ ತಟ್ಟೆ. ಇದರಲ್ಲಿ ಸೋಡಿಯಂ ಸಲ್ಫೈಡ್ ಇರುತ್ತದೆ. ಪ್ರಿಂಟ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ವಾಪಸ್ ಬರುತ್ತದೆ, ಈ ಸಲ ಕಂದಾಗಿ. ಬ್ರೋಮೈಡ್ ಇದ್ದ ಕಡೆಯೆಲ್ಲ ಈಗ ಸಲ್ಫೈಡ್.

ಬಣ್ಣದ ಹಿಡಿತ ಇರುವುದು ಬ್ಲೀಚಿನಲ್ಲಿ. ಬ್ಲೀಚು ಮೊದಲು ತಿಳಿ ಜಾಗಗಳನ್ನು ತಿನ್ನುತ್ತದೆ, ಅಲ್ಲಿ ಬೆಳ್ಳಿ ಕಡಿಮೆ. ಗಾಢ ಕಪ್ಪಿನ ಕಡೆಗೆ ಬರುವುದು ಕೊನೆಗೆ. ಅರ್ಧಕ್ಕೇ ಪ್ರಿಂಟನ್ನು ಎತ್ತಿಬಿಟ್ಟರೆ ತಿಳಿ ಭಾಗ ಕಂದಾಗಿ, ಕಪ್ಪು ಭಾಗ ಕಪ್ಪಾಗಿಯೇ ಉಳಿಯುತ್ತದೆ. ಬಾದಾಮಿಯ ಗುಹೆಗಳ ಫೋಟೊಗೆ ಇದು ಎಷ್ಟು ಒಪ್ಪುತ್ತದೆ ಅಂದರೆ, ಬಿಸಿಲು ಬಿದ್ದ ಕಲ್ಲು ಬೆಚ್ಚಗೆ ಕಾಣುತ್ತದೆ, ಗುಹೆಯ ಒಳಗಿನ ನೆರಳು ತಣ್ಣಗೆ. ಪೂರ್ತಿ ಬ್ಲೀಚ್ ಮಾಡಿದ್ದಕ್ಕಿಂತ ನನಗೆ ಇದೇ ಇಷ್ಟ. ಪೂರ್ತಿ ಮಾಡುವುದಾದರೆ ಮೂಲ ಪ್ರಿಂಟನ್ನೇ ಸ್ವಲ್ಪ ಗಾಢವಾಗಿ ಮಾಡಿಕೊಳ್ಳಬೇಕು. ಕಂದು ಸಲ್ಫೈಡ್ ಕಪ್ಪು ಬೆಳ್ಳಿಯಷ್ಟು ಗಾಢ ಕಾಣುವುದಿಲ್ಲ.

ಹಳೆ ಕಾಲದಲ್ಲಿ ಇನ್ನೊಂದು ದಾರಿ ಇತ್ತು: ಹೈಪೋ ಮತ್ತು ಪಟಿಕ ಸೇರಿಸಿ ಬಿಸಿ ಮಾಡಿ ಅದರಲ್ಲಿ ಪ್ರಿಂಟ್ ಮುಳುಗಿಸುವುದು. ಪಟಿಕದ ಹುಳಿಗೆ ಹೈಪೋ ಒಡೆದು ಗಂಧಕ ಬಿಡುತ್ತದೆ, ಅದು ಬೆಳ್ಳಿಗೆ ಹತ್ತುತ್ತದೆ. ಶತ್ರುವಿನ ಕೈಯಲ್ಲೇ ಕಾವಲು ಕಾಯಿಸಿದ ಹಾಗೆ. ಹೊಸದಾಗಿ ಮಾಡಿದ ದ್ರಾವಣ ತಿಳಿ ಭಾಗಗಳನ್ನು ತಿಂದುಹಾಕುತ್ತಿತ್ತು, ಹಳೆಯದು ಹದವಾಗಿರುತ್ತಿತ್ತು. ಅದಕ್ಕೆ ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ ಹಳೆ ದ್ರಾವಣವನ್ನು ಉಳಿಸಿಕೊಂಡು ಹೊಸದಕ್ಕೆ ಬೆರೆಸುತ್ತಿದ್ದರು.

ಟೆರೇಸಿನ ಮೇಲೆ ಕೊಳೆತ ಮೊಟ್ಟೆ

ಸೋಡಿಯಂ ಸಲ್ಫೈಡಿಗೆ ಒಂದು ದೊಡ್ಡ ತೊಂದರೆ ಇದೆ. ಕೊಳೆತ ಮೊಟ್ಟೆಯ ವಾಸನೆ. ನಾನು ಮೊದಲ ಸಲ ಮಾಡಿದ್ದು ಟೆರೇಸಿನ ಮೇಲೆ, ಗಾಳಿಗೆ ಹೋಗಿಬಿಡುತ್ತದೆ ಅಂದುಕೊಂಡು. ಹತ್ತು ನಿಮಿಷಕ್ಕೆ ಕೆಳಗಿನ ಮನೆಯವರು ಸಿಲಿಂಡರ್ ಬಂದ್ ಮಾಡಿ, ಎಲ್ಲ ಕಿಟಕಿ ತೆರೆದು, ಹೊರಗೆ ಬಂದು ನಿಂತಿದ್ದರು. ಗ್ಯಾಸ್ ಸೋರುತ್ತಿದೆ ಅಂತ. ಅವರಿಗೆ ತಟ್ಟೆ ತೋರಿಸಿ ಸಮಾಧಾನ ಮಾಡಲು ಟೋನಿಂಗಿಗಿಂತ ಜಾಸ್ತಿ ಹೊತ್ತು ಬೇಕಾಯಿತು.

ವಾಸನೆಯ ಹಿಂದೆ ನಿಜವಾದ ಅಪಾಯವೂ ಇದೆ. ಅದು ಹೈಡ್ರೋಜನ್ ಸಲ್ಫೈಡ್, ವಿಷದ ಅನಿಲ. ಜಾಸ್ತಿಯಾದರೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ವಾಸನೆ ನಿಂತಿತು ಅಂದುಕೊಳ್ಳುತ್ತೇವೆ. ಸಲ್ಫೈಡಿಗೆ ಆಸಿಡ್ ಬಿದ್ದರೆ ಈ ಅನಿಲ ಭರ್ರನೆ ಏಳುತ್ತದೆ. ಡಾರ್ಕ್‌ರೂಮಿನಲ್ಲಿ ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಅಂತ ಅಸಿಟಿಕ್ ಆಸಿಡ್ ಇದ್ದೇ ಇರುತ್ತದೆ, ಎರಡನ್ನೂ ಹತ್ತಿರ ತರಬಾರದು. ಫೆರಿಸೈನೈಡ್ ಹೆಸರಿನಲ್ಲಿ ಸೈನೈಡ್ ಇದೆ ಅಂತ ಜನ ಬೆಚ್ಚುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಅದು ಅಷ್ಟು ಅಪಾಯದ್ದಲ್ಲ, ಆದರೆ ಗಟ್ಟಿ ಆಸಿಡ್ ಸೇರಿದರೆ ಅದರಿಂದಲೂ ವಿಷದ ಅನಿಲ ಹೊರಡುತ್ತದೆ. ಸಲ್ಫೈಡಿನ ಆವಿ ಬಳಸದ ಪೇಪರ್, ಫಿಲ್ಮುಗಳನ್ನೂ ಮಬ್ಬು ಮಾಡುತ್ತದೆ. ಅದಕ್ಕೇ ಅದನ್ನು ಡಾರ್ಕ್‌ರೂಮಿನಿಂದ ದೂರ ಇಡುವುದು.

ವಾಸನೆ ಬೇಡ ಅನ್ನುವವರಿಗೆ ಥಯೋಯೂರಿಯಾ ಇದೆ. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ ಬಳಸುತ್ತಾರೆ. ಕಾಸ್ಟಿಕ್ ಕಡಿಮೆ ಹಾಕಿದರೆ ಹಳದಿಯ ಕಡೆಯ ಕಂದು, ಜಾಸ್ತಿ ಹಾಕಿದರೆ ತಣ್ಣನೆಯ ಗಾಢ ಕಂದು. ವಾಸನೆ ಇಲ್ಲವೆಂದರೆ ನಿರಪಾಯ ಅಂತಲ್ಲ. ಥಯೋಯೂರಿಯಾ ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವ ವಸ್ತು. ಕೈಗವಸು ಬೇಕೇ ಬೇಕು.

ಸೆಲೆನಿಯಂ, ನೆರಳಿಗೆ ಮೊದಲು

ಸೆಪಿಯಾ ಬೆಳಕಿನ ಜಾಗದಿಂದ ಶುರುವಾದರೆ ಸೆಲೆನಿಯಂ ಟೋನರ್ ನೆರಳಿನಿಂದ ಶುರು ಮಾಡುತ್ತದೆ. ಬ್ಲೀಚ್ ಬೇಕಿಲ್ಲ, ಒಂದೇ ತಟ್ಟೆ. ಬೆಳ್ಳಿ ನೇರವಾಗಿ ಸಿಲ್ವರ್ ಸೆಲೆನೈಡ್ ಆಗುತ್ತದೆ. ಸೆಲೆನಿಯಂ ರಾಸಾಯನಿಕವಾಗಿ ಗಂಧಕದ ತಮ್ಮ ಇದ್ದ ಹಾಗೆ, ಪೀರಿಯಾಡಿಕ್ ಟೇಬಲ್‌ನಲ್ಲಿ ಅದರ ಕೆಳಗಿನ ಮನೆಯಲ್ಲೇ ಇದೆ.

ಕೊಡಕ್ ರ‍್ಯಾಪಿಡ್ ಸೆಲೆನಿಯಂ ಟೋನರ್ ಬಹಳ ಕಾಲ ಡಾರ್ಕ್‌ರೂಮುಗಳ ಮನೆಮಾತಾಗಿತ್ತು. ಒಂದು ಪಾಲು ಟೋನರ್‌ಗೆ ಮೂರು ಪಾಲು ನೀರು ಹಾಕಿದರೆ ಬಣ್ಣ ಎದ್ದು ಕಾಣುವಷ್ಟು ತಿರುಗುತ್ತದೆ. ಇಪ್ಪತ್ತು ಪಾಲು ನೀರು ಹಾಕಿದರೆ ಬಣ್ಣ ಹೆಚ್ಚುಕಡಿಮೆ ಹಾಗೇ ಇದ್ದು ಕಪ್ಪು ಮಾತ್ರ ಇನ್ನಷ್ಟು ಕಪ್ಪಾಗುತ್ತದೆ. ಈ ಕಪ್ಪಿನ ಆಳಕ್ಕಾಗಿಯೇ ಸೆಲೆನಿಯಂ ಹೆಸರಾಗಿದ್ದು. ಅಮೆರಿಕದ ಹೆಸರಾಂತ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ತಮ್ಮ ಪ್ರಿಂಟುಗಳಿಗೆ ಇದನ್ನೇ ಬಳಸುತ್ತಿದ್ದರು. ವಾರ್ಮ್ ಟೋನ್ ಪೇಪರಿನಲ್ಲಾದರೆ ನೇರಳೆ ಬೆರೆತ ಕಂದು ಬರುತ್ತದೆ, ಬದನೆಕಾಯಿಯ ಸಿಪ್ಪೆಯ ಬಣ್ಣ ನೆನಪಿಸಿಕೊಳ್ಳಿ.

ಬದಲಾವಣೆ ಎಷ್ಟು ನಿಧಾನವೆಂದರೆ ಕಣ್ಣು ಮೋಸ ಹೋಗುತ್ತದೆ. ಟೋನ್ ಮಾಡದ ಅದೇ ಪ್ರಿಂಟನ್ನು ಪಕ್ಕದ ನೀರಿನ ತಟ್ಟೆಯಲ್ಲಿ ಇಟ್ಟುಕೊಂಡು ಹೋಲಿಸುತ್ತಿರಬೇಕು. ಚಳಿಗಾಲದ ಬೆಳಗಾವಿಯಲ್ಲಿ ಎಂಟು ನಿಮಿಷ ತೆಗೆದುಕೊಂಡದ್ದು ಏಪ್ರಿಲ್‌ನ ವಿಜಯಪುರದಲ್ಲಿ ಮೂರೇ ನಿಮಿಷಕ್ಕೆ ಆಗಿಬಿಡಬಹುದು, ದ್ರಾವಣ ಬಿಸಿಯಾದಷ್ಟೂ ಕೆಲಸ ಚುರುಕು. ಬಿಸಿ ಜಾಸ್ತಿಯಾದರೆ ಜೆಲಾಟಿನ್ ಮೆತ್ತಗಾಗಿ ಉಗುರು ತಾಗಿದರೂ ಕಿತ್ತು ಬರುತ್ತದೆ. ಡಾರ್ಕ್‌ರೂಮಿನ ಲೆಕ್ಕವೆಲ್ಲ 20 ಡಿಗ್ರಿಯದು, ನಮ್ಮ ಬೇಸಿಗೆ 40 ದಾಟುತ್ತದೆ. ಐಸ್ ತುಂಬಿದ ದೊಡ್ಡ ಬುಟ್ಟಿಯಲ್ಲಿ ತಟ್ಟೆ ಇಡದೆ ಗತಿಯಿಲ್ಲ.

ಸೆಲೆನಿಯಂ ಹಚ್ಚಿದರೆ ಪ್ರಿಂಟ್ ಚಿರಂಜೀವಿ ಅನ್ನುವ ಮಾತು ಬಹಳ ವರ್ಷ ನಡೆಯಿತು. ಅಮೆರಿಕದ ರಾಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ 1980ರ ದಶಕದಲ್ಲಿ ದಾಖಲೆಗಳನ್ನು ಸಣ್ಣದಾಗಿ ಹಿಡಿದಿಡುವ ಮೈಕ್ರೋಫಿಲ್ಮುಗಳ ಮೇಲೆ ಪರೀಕ್ಷೆ ಮಾಡಿದಾಗ ಸೆಲೆನಿಯಂ ರಕ್ಷಣೆ ನಂಬಿಕೆಗೆ ಅಷ್ಟು ಅರ್ಹವಲ್ಲ, ಸಲ್ಫೈಡೇ ಮೇಲು ಎಂದು ಕಂಡುಬಂತು. ತೆಳು ಸೆಲೆನಿಯಂ ನೆರಳಿನಲ್ಲೇ ನಿಂತುಬಿಡುತ್ತದೆ, ತಿಳಿ ಭಾಗದ ಬೆಳ್ಳಿ ಹಾಗೇ ಬಯಲಲ್ಲಿರುತ್ತದೆ. ಅದಕ್ಕೆ ಕೆಲವರು ಎರಡನ್ನೂ ಮಾಡುತ್ತಾರೆ: ತಿಳಿ ಭಾಗಕ್ಕೆ ಸ್ವಲ್ಪ ಸೆಪಿಯಾ, ಉಳಿದದ್ದಕ್ಕೆ ಸೆಲೆನಿಯಂ.

ಇದೂ ವಿಷವೇ. ಅಡುಗೆಮನೆಯ ಪಾತ್ರೆ, ಚಮಚ ಇದರ ಹತ್ತಿರ ಬರಬಾರದು. ಬಳಸಿದ ದ್ರಾವಣವನ್ನು ಸೋಸಿಟ್ಟು ಶಕ್ತಿ ಇರುವ ತನಕ ಮತ್ತೆ ಮತ್ತೆ ಬಳಸಬಹುದು. ಮುಗಿದ ಮೇಲೂ ಗಿಡದ ಬುಡಕ್ಕೆ, ಬಾವಿಯ ಹತ್ತಿರ ಸುರಿಯುವಂತಿಲ್ಲ.

ಚಿನ್ನ, ಮತ್ತು ಬಿಜಾಪುರದ ಮೊದಲ ಫೋಟೊಗಳು

ಟೋನಿಂಗಿನಲ್ಲಿ ಎಲ್ಲಕ್ಕಿಂತ ಹಳೆಯದು ಚಿನ್ನ. ಫ್ರಾನ್ಸಿನ ಇಪೊಲಿಟ್ ಫಿಜೋ 1840ರಲ್ಲೇ ಬೆಳ್ಳಿ ತಗಡಿನ ಮೇಲಿನ ಡಾಗೆರೋಟೈಪ್ ಚಿತ್ರಗಳಿಗೆ ಚಿನ್ನದ ಲವಣ ಹಾಕಿ ಗಟ್ಟಿ ಮಾಡುವುದನ್ನು ತೋರಿಸಿದ್ದರು. ಆಮೇಲೆ ಮೊಟ್ಟೆಯ ಬಿಳಿಭಾಗ ಲೇಪಿಸಿದ ಆಲ್ಬುಮಿನ್ ಪೇಪರ್ ಬಂತು, 1850ರಲ್ಲಿ. ಆಲ್ಬುಮಿನ್ ಪ್ರಿಂಟ್ ತನ್ನಷ್ಟಕ್ಕೆ ಕೆಂಪು-ಕಂದಾಗಿರುತ್ತದೆ. ಚಿನ್ನದ ದ್ರಾವಣದಲ್ಲಿ ಅದ್ದಿದರೆ ಅದು ನೇರಳೆ-ಕಂದಿಗೆ ತಿರುಗುತ್ತದೆ, ಬಾಳಿಕೆಯೂ ಬರುತ್ತದೆ. ಹಾಗಾಗಿ ಆ ಕಾಲದಲ್ಲಿ ಚಿನ್ನ ಹಾಕುವುದು ಮಾಮೂಲಿ ಕೆಲಸವೇ ಆಗಿತ್ತು.

ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದೂ ಅದೇ ಹೊತ್ತಿಗೆ. ಬಾಂಬೆ ಆರ್ಟಿಲರಿಯ ಅಧಿಕಾರಿ ಥಾಮಸ್ ಬಿಗ್ಸ್ ಸರ್ಕಾರದ ಕೆಲಸದ ಮೇಲೆ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಫೋಟೊ ತೆಗೆದರು. ಆ ಚಿತ್ರಗಳನ್ನು ಇವತ್ತು ನೋಡಿದರೆ ಎಲ್ಲವೂ ಕಂದು. ಅಲ್ಲಿನ ಕಲ್ಲಿನ ಬಣ್ಣ ಅದು ಅಂದುಕೊಳ್ಳಬೇಡಿ. ಕಾಗದ, ಬೆಳ್ಳಿ, ತೊಳೆತ, ವಯಸ್ಸು ಎಲ್ಲ ಕೂಡಿ ಆದ ಬಣ್ಣ. ಅಂದರೆ ಆ ಕಾಲದ ಫೋಟೊ ಹುಟ್ಟುವಾಗಲೂ ಈಗಿನ ಅರ್ಥದ ಕಪ್ಪು-ಬಿಳುಪು ಆಗಿರಲಿಲ್ಲ.

ಚಿನ್ನ ಕೆಲಸ ಮಾಡುವ ರೀತಿ ಬೇರೆ. ಬೆಳ್ಳಿಗಿಂತ ಚಿನ್ನ ಸೋಮಾರಿ ಲೋಹ, ಯಾರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ. ಚಿನ್ನದ ಲವಣ ಇರುವ ನೀರಿಗೆ ಬೆಳ್ಳಿ ಬಂದರೆ ಸ್ವಲ್ಪ ಬೆಳ್ಳಿ ಕರಗಿ ನೀರಿಗೆ ಹೋಗುತ್ತದೆ, ಆ ಜಾಗದಲ್ಲಿ ಚಿನ್ನ ಕೂರುತ್ತದೆ. ಬೆಳ್ಳಿ ಒಡವೆಗೆ ಚಿನ್ನದ ನೀರು ಕುಡಿಸಿದ ಹಾಗೆ. ಕೊಡಕ್‌ನ ಜಿಪಿ-1 ಅನ್ನುವ ಸೂತ್ರದಲ್ಲಿ ಒಂದು ಲೀಟರಿಗೆ ಹಾಕುವುದು ಶೇಕಡಾ 1ರ ಗೋಲ್ಡ್ ಕ್ಲೋರೈಡ್ ದ್ರಾವಣ 10 ಮಿಲಿಲೀಟರ್. ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಇಷ್ಟಾದರೂ ಇವತ್ತಿನ ಚಿನ್ನದ ರೇಟಿನಲ್ಲಿ ತಟ್ಟೆಗೆ ಸುರಿಯುವಾಗ ಕೈ ನಡುಗುತ್ತದೆ.

ಬಣ್ಣ ಹಳದಿಯಾಗುತ್ತದೆ ಅಂದುಕೊಂಡರೆ ಅದೂ ಅಲ್ಲ. ಸಣ್ಣ ಕಣಗಳ ಚಿನ್ನ ಚಿನ್ನದ ಬಣ್ಣದ್ದಲ್ಲ. ಸಾಮಾನ್ಯ ಪ್ರಿಂಟ್ ನೀಲಿ-ಕಪ್ಪಾಗುತ್ತದೆ. ಆದರೆ ಮೊದಲೇ ಸೆಪಿಯಾ ಮಾಡಿದ ಪ್ರಿಂಟನ್ನು ಅದ್ದಿದರೆ ಕಿತ್ತಳೆ-ಕೆಂಪು ಏಳುತ್ತದೆ, ಬಾದಾಮಿಯ ಬಂಡೆಗೆ ಸಂಜೆ ಬಿಸಿಲು ಬಿದ್ದ ಹಾಗೆ. ಡಾರ್ಕ್‌ರೂಮಿನಲ್ಲಿ ನಾನು ನೋಡಿದ ಬಣ್ಣಗಳಲ್ಲಿ ಅದಕ್ಕೆ ಸಾಟಿಯಿಲ್ಲ.

ನೀಲಿ, ತಾಮ್ರ, ಚಹಾ

ಇವು ಅಂದಕ್ಕೆ ಮಾತ್ರ. ನೀಲಿ ಟೋನರ್‌ನಲ್ಲಿ ಕಬ್ಬಿಣದ ಲವಣ ಮತ್ತು ಫೆರಿಸೈನೈಡ್ ಇರುತ್ತವೆ, ಬೆಳ್ಳಿ ಇದ್ದ ಕಡೆ ಪ್ರಶಿಯನ್ ನೀಲಿ ಬಂದು ಕೂರುತ್ತದೆ. ಕಟ್ಟಡದ ಹಳೆ ಬ್ಲೂಪ್ರಿಂಟುಗಳ ನೀಲಿಯೂ ಇದೇ. ತೊಳೆಯುವ ನೀರು ಕ್ಷಾರದ ಕಡೆ ವಾಲಿದ್ದರೆ ಈ ನೀಲಿ ಕಣ್ಣೆದುರೇ ಬಿಟ್ಟುಹೋಗುತ್ತದೆ. ತಾಮ್ರದ ಟೋನರ್ ಇಟ್ಟಿಗೆ ಕೆಂಪು ಕೊಡುತ್ತದೆ, ಆದರೆ ಕಪ್ಪಿನ ಗಾಢತೆ ಕಳೆಯುತ್ತದೆ. ಎರಡೂ ಫೋಟೊದ ಆಯುಷ್ಯ ಹೆಚ್ಚಿಸುವುದಿಲ್ಲ.

ಚಹಾ ಡಿಕಾಕ್ಷನ್ನಿನಲ್ಲಿ ಅದ್ದುವುದು ಟೋನಿಂಗೇ ಅಲ್ಲ. ಅದು ಕಾಗದಕ್ಕೆ ಕಲೆ ಹಾಕುವುದು, ಬಿಳಿ ಜಾಗವೂ ಕಂದಾಗುತ್ತದೆ. ಕೈಯಿಂದ ತುಟಿಗೆ ಕೆಂಪು, ಸೀರೆಗೆ ಹಸಿರು ಬಳಿಯುತ್ತಿದ್ದ ಹಳೆ ಸ್ಟುಡಿಯೋ ಕಲೆಯೂ ಬೇರೆ, ಅದು ಮೇಲಿನ ಬಣ್ಣ. ಆದರೆ ಅಂಥ ಫೋಟೊಗಳನ್ನು ಮೊದಲು ಸೆಪಿಯಾ ಮಾಡಿಕೊಳ್ಳುವುದಿತ್ತು. ಕಂದು ಮುಖದ ಮೇಲೆ ಬಳಿದ ಬಣ್ಣ ಕಪ್ಪು ಮುಖದ ಮೇಲಿನದಕ್ಕಿಂತ ಸಹಜ ಕಾಣುತ್ತದೆ.

ತೊಳೆಯದಿದ್ದರೆ ಎಲ್ಲವೂ ನೀರುಪಾಲು

ಟೋನಿಂಗ್ ಕೆಟ್ಟರೆ ಹತ್ತರಲ್ಲಿ ಎಂಟು ಸಲ ತಪ್ಪು ಟೋನರ್‌ನದಲ್ಲ. ನನ್ನ ಮೊದಲ ಸೆಪಿಯಾದಲ್ಲಿ ಆಕಾಶದ ತುಂಬ ಕಂದು ತೇಪೆಗಳು ಎದ್ದವು. ಹೈಪೋ ಸತ್ತುಹೋಗಿತ್ತು, ನಾನು ಜಿಪುಣತನ ಮಾಡಿ ಅದನ್ನೇ ಬಳಸಿದ್ದೆ. ಕರಗದೆ ಉಳಿದ ಬೆಳ್ಳಿ ಲವಣ ಬಿಳಿ ಜಾಗದಲ್ಲಿ ಕೂತಿತ್ತು. ಸಲ್ಫೈಡಿಗೆ ಯಾವ ಬೆಳ್ಳಿ ಚಿತ್ರದ್ದು, ಯಾವುದು ಕಸ ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಕಂದು ಮಾಡಿತು. ಕಾಗದದಲ್ಲಿ ಹೈಪೋ ಉಳಿದಿದ್ದರೆ ಇನ್ನೊಂದು ತೊಂದರೆ: ಬ್ಲೀಚಿನ ಜೊತೆ ಸೇರಿ ಅದು ತಿಳಿ ಭಾಗಗಳನ್ನು ಕರಗಿಸಿ ಒಯ್ಯುತ್ತದೆ. ಆಗ ಚಿತ್ರ ವಾಪಸ್ ಬರುವುದಿಲ್ಲ.

ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಾದರೆ ನೀರು ಕಾಗದದ ಒಳಗೆ ಹೋಗುವುದಿಲ್ಲ, ಕೆಲವೇ ನಿಮಿಷ ತೊಳೆದರೆ ಸಾಕು. ಫೈಬರ್ ಪೇಪರ್ ಅನ್ನುವ ದಪ್ಪ ಕಾಗದ ಹೈಪೋವನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ, ಅದಕ್ಕೆ ಹರಿಯುವ ನೀರು ಒಂದು ತಾಸಾದರೂ ಬೇಕು. ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಒಂದು ಫೋಟೊಗೆ ಒಂದು ತಾಸು ನಲ್ಲಿ ಬಿಟ್ಟರೆ ಮನೆಯಲ್ಲಿ ಉಳಿಗಾಲವಿಲ್ಲ. ಇದಕ್ಕೆ ಉಪಾಯ ಸೋಡಿಯಂ ಸಲ್ಫೈಟ್. ಸಲ್ಫೈಡ್ ಬೇರೆ, ಸಲ್ಫೈಟ್ ಬೇರೆ, ಡಬ್ಬಿ ಎರಡು ಸಲ ಓದಿ. ಶೇಕಡಾ 2ರ ಸಲ್ಫೈಟ್ ದ್ರಾವಣದಲ್ಲಿ ಪ್ರಿಂಟನ್ನು ಸ್ವಲ್ಪ ಹೊತ್ತು ಆಡಿಸಿದರೆ ಅದು ಕಾಗದದ ಎಳೆಗಳಲ್ಲಿ ಕೂತ ಹೈಪೋವನ್ನು ಬಿಡಿಸುತ್ತದೆ. ಆಮೇಲೆ ತೊಳೆಯುವ ಹೊತ್ತೂ ನೀರೂ ಬಹಳ ಕಡಿಮೆಯಾಗುತ್ತವೆ.

ಬೋರ್‌ವೆಲ್ಲಿನ ಗಡಸು ನೀರು ತೊಳೆಯಲು ನಡೆಯುತ್ತದೆ. ಒಣಗಿದ ಮೇಲೆ ಬಿಳಿ ಕಲೆ ಉಳಿಯಬಾರದೆಂದರೆ ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ತೆಗೆಯಿರಿ. ಚಿನ್ನದ ದ್ರಾವಣ ಕಲಸುವುದಕ್ಕಂತೂ ಡಿಸ್ಟಿಲ್ಡ್ ನೀರೇ ಆಗಬೇಕು.

ನಿಮ್ಮ ಮನೆಯ ಫೋಟೊ ಯಾವ ಕಂದು?

ಫೋಟೊವನ್ನು ಹಗಲು ಬೆಳಕಿನ ಕಿಟಕಿಯ ಹತ್ತಿರ ಅಂಚು ಹಿಡಿದು ತನ್ನಿ. ಮೊದಲು ಬಿಳಿ ಜಾಗ ನೋಡಿ: ಚಿತ್ರದ ಸುತ್ತಲಿನ ಅಂಚು, ಧೋತರ, ಪಂಚೆ. ಅವು ಇನ್ನೂ ಬಿಳಿಯಾಗಿದ್ದು ಉಳಿದದ್ದು ಒಂದೇ ಸಮನೆ ಕಂದಾಗಿದ್ದರೆ ಅದು ಬಹುಶಃ ಟೋನ್ ಮಾಡಿದ್ದು. ಕಣ್ಣಿನ ರೆಪ್ಪೆ, ಸೀರೆಯ ದಡಿಯ ಗೆರೆಗಳು ಸ್ಪಷ್ಟವಾಗಿ ಉಳಿದಿರುತ್ತವೆ. ಬಿಳಿಯೂ ಹಳದಿಯಾಗಿದ್ದರೆ, ಒಂದು ಮೂಲೆ ಮಾತ್ರ ಕಂದಾಗಿದ್ದರೆ, ಬೆರಳಚ್ಚಿನ ಆಕಾರದಲ್ಲಿ ಕಲೆ ಇದ್ದರೆ, ಮುಖದ ವಿವರ ಕರಗಿದ್ದರೆ ಅದು ಕಾಯಿಲೆ. ಆಮೇಲೆ ಫೋಟೊವನ್ನು ಓರೆ ಮಾಡಿ. ಕಪ್ಪು ಕೋಟಿನ ಮೇಲೆ ಕನ್ನಡಿ ಹೊಳಪು ಕಂಡರೆ ಬೆಳ್ಳಿ ಅಲೆದಾಡಿ ಮೇಲೆ ಬಂದಿದೆ, ಅಂದರೆ ಅದು ಲೋಹದ ಬೆಳ್ಳಿಯಾಗಿಯೇ ಇತ್ತು, ಪೂರ್ತಿ ಟೋನ್ ಆಗಿರಲಿಲ್ಲ. ಆಲ್ಬುಮಿನ್ ಪ್ರಿಂಟಿನ ಮಾತು ಬೇರೆ. ಕಾಗದ ಬಹಳ ತೆಳು, ರಟ್ಟಿಗೆ ಅಂಟಿಸಿರುತ್ತಾರೆ, ಬಿಳಿ ಭಾಗ ಹಳದಿಯಾಗುವುದು ಅದರಲ್ಲಿ ಸಾಮಾನ್ಯ.

ಇಷ್ಟು ಓದಿ ಅಜ್ಜನ ಫೋಟೊಗೆ ಮನೆಯಲ್ಲೇ ಟೋನಿಂಗ್ ಮಾಡಲು ಹೊರಡಬೇಡಿ. ಟೋನಿಂಗ್ ಹೊಸ ಪ್ರಿಂಟಿಗೆ. ಹಳೆಯದನ್ನು ಬ್ಲೀಚಿಗೆ ಹಾಕಿದರೆ ಏನಾಗುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಮೊದಲು ಒಳ್ಳೆ ಸ್ಕ್ಯಾನ್ ಮಾಡಿಸಿ. ಆಮೇಲೆ ಆಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ ಅಥವಾ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ ಇಡಿ. ಅಂಟಂಟು ವಾಸನೆ ಬರುವ ಪಿವಿಸಿ ಆಲ್ಬಮ್ ಬೇಡ. ಅಡುಗೆಮನೆಗೆ ಅಂಟಿದ ಗೋಡೆ, ಹೊಸದಾಗಿ ಪೇಂಟ್ ಮಾಡಿದ ಕೋಣೆ, ಮಳೆಗಾಲದಲ್ಲಿ ನೀರು ಇಳಿಯುವ ಮೂಲೆ, ಇವು ಬಿಟ್ಟು ಬೇರೆ ಜಾಗ ಹುಡುಕಿ. ಯಾರ ಫೋಟೊ, ಯಾವ ಊರು ಅಂತ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಗಟ್ಟಿ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಉಬ್ಬಿ ಕಾಣುತ್ತದೆ.